ಮಿಸ್ಟರಿ ಮಷೀನ್: ಚಿತ್ರದ ವ್ಯಾನು ರಸ್ತೆಗೆ ಇಳಿಯುವ ಬಗೆ

ಸ್ಕೂಬಿ-ಡೂ ಕಾರ್ಟೂನ್ ನೋಡಿ ಬೆಳೆದವರಿಗೆ ಈ ದೃಶ್ಯ ಗೊತ್ತಿರುತ್ತದೆ. ರಾತ್ರಿ ಹೊತ್ತು. ಮಂಜು ಕವಿದ ರಸ್ತೆ. ನೀಲಿ-ಹಸಿರು ಬಣ್ಣದ ಒಂದು ವ್ಯಾನು ಬರುತ್ತಿದೆ. ಅದರ ಹೆಸರು ಮಿಸ್ಟರಿ ಮಷೀನ್. ಮೈಮೇಲೆ ಕಿತ್ತಳೆ ಬಣ್ಣದ ಹೂವುಗಳು. ಸ್ಟೀರಿಂಗ್ ಹಿಡಿದವನು ಫ್ರೆಡ್. ಅವನ ಪಕ್ಕ ಡ್ಯಾಫ್ನಿ, ಅವಳ ಆಚೆ ವೆಲ್ಮಾ. ಮೂವರೂ ಮುಂದಿನ ಸೀಟಿನಲ್ಲಿ ಸಾಲಾಗಿ ಕೂತಿದ್ದಾರೆ. ಹಿಂದೆ ಶ್ಯಾಗಿ, ಅವನ ಜೊತೆ ಆ ದೊಡ್ಡ ನಾಯಿ ಸ್ಕೂಬಿ.

ಈಗ 1960ರ ದಶಕದ ಒಂದು ಅಮೆರಿಕನ್ ವ್ಯಾನಿನ ಬಾಗಿಲು ತೆಗೆದು ನೋಡಿ. ಡ್ಯಾಫ್ನಿ ಕೂರುವ ಜಾಗದಲ್ಲಿ ಎಂಜಿನ್ ಇರುತ್ತದೆ.

ಹಳೇ ವ್ಯಾನೊಂದನ್ನು ಕೊಂಡು ಅದನ್ನು ಮಿಸ್ಟರಿ ಮಷೀನ್ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇಂಥ ವ್ಯಾನುಗಳು ಎಷ್ಟೋ ಇವೆ. ಹಳೇ ಕಾರುಗಳ ಮೇಳದಲ್ಲಿ ಮಕ್ಕಳು ಮೊದಲು ಓಡುವುದು ಅದರ ಹತ್ತಿರ. ಇದೆಲ್ಲ ಬರೀ ಬಣ್ಣ ಬಳಿಯುವ ಕೆಲಸ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದೊಂದೇ ವಿಷಯ ಓದುತ್ತಾ ಹೋದಂತೆ ಅರ್ಥವಾಯಿತು. ಚಿತ್ರಕ್ಕೆ ಉದ್ದ ಇರುತ್ತದೆ, ಎತ್ತರ ಇರುತ್ತದೆ, ಆಳ ಇರುವುದಿಲ್ಲ. ಆ ಆಳವನ್ನು ವ್ಯಾನು ಕಟ್ಟುವವರೇ ಕೊಡಬೇಕು. ಎಲ್ಲಿ ಕೊಡಬೇಕು, ಎಷ್ಟು ಕೊಡಬೇಕು ಅನ್ನುವ ನೂರು ತೀರ್ಮಾನಗಳೇ ಈ ಕೆಲಸ.

ಮೊದಲು ಆ ಚಿತ್ರದ ಕಥೆ. ಸ್ಕೂಬಿ-ಡೂ ಶುರುವಾದದ್ದು 1969ರ ಸೆಪ್ಟೆಂಬರ್ 13ರಂದು, ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ. ಕಥೆ ಹೆಣೆದವರು ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್. ಪಾತ್ರಗಳಿಗೆ ರೂಪ ಕೊಟ್ಟವರು ಇವಾವೊ ಟಕಮೊಟೊ. ಜಪಾನಿ ಮೂಲದ ಈ ಕಲಾವಿದ ಎರಡನೇ ಮಹಾಯುದ್ಧದ ಕಾಲದಲ್ಲಿ ಹುಡುಗನಾಗಿದ್ದಾಗ ಮಂಜನಾರ್ ಎಂಬ ಬಂಧನ ಶಿಬಿರದಲ್ಲಿ ದಿನ ಕಳೆದವರು. ನಮ್ಮ ಬಾಲ್ಯವನ್ನು ಇಷ್ಟು ನಗಿಸಿದ ನಾಯಿಯ ಹಿಂದೆ ಅಂಥ ಒಂದು ಬಾಲ್ಯ ಇತ್ತು ಅಂತ ತಿಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೊದಲ ಸರಣಿಯಲ್ಲಿ ಇದ್ದದ್ದು 25 ಕಂತುಗಳು ಮಾತ್ರ. ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರಲ್ಲಿ. ಕೇಬಲ್ ಇದ್ದ ಮನೆಗಳಲ್ಲಿ ಶಾಲೆಯಿಂದ ಬಂದ ಮಕ್ಕಳು ಬ್ಯಾಗು ಎಸೆದು ಟಿವಿ ಮುಂದೆ ಕೂರುತ್ತಿದ್ದ ಕಾಲ ಅದು. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು. ವ್ಯಾನು ಪೂರ್ತಿ ಅರ್ಥವಾಗುತ್ತಿತ್ತು.

ಇದನ್ನು ತಯಾರಿಸಿದ್ದು ಹ್ಯಾನಾ-ಬಾರ್ಬೆರಾ ಸ್ಟುಡಿಯೋ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಮೊದಲು ಎಂಜಿಎಂ ಕಂಪನಿಯಲ್ಲಿ ಟಾಮ್ ಅಂಡ್ ಜೆರ್ರಿ ಮಾಡುತ್ತಿದ್ದವರು. ಅಲ್ಲಿ ಒಂದು ಸಣ್ಣ ಚಿತ್ರಕ್ಕೆ ತಿಂಗಳುಗಟ್ಟಲೆ ಸಮಯ, ಕೈತುಂಬ ಹಣ ಇತ್ತು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು. ಇವರಿಬ್ಬರೂ ಟಿವಿಗೆ ಬಂದರು. ಟಿವಿಯಲ್ಲಿ ಹಣ ಕಡಿಮೆ, ವಾರಕ್ಕೊಂದು ಕಂತು ಬೇಕು. ಹಾಗಾಗಿ ಎಷ್ಟು ಕಡಿಮೆ ಚಿತ್ರ ಬರೆದು ಎಷ್ಟು ಚಲನೆ ತೋರಿಸಬಹುದು ಅನ್ನುವ ಲೆಕ್ಕಾಚಾರ ಶುರುವಾಯಿತು. ಪಾತ್ರ ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡುತ್ತದೆ. ವ್ಯಾನು ಓಡುವಾಗ ವ್ಯಾನು ನಿಂತಲ್ಲೇ ಇರುತ್ತದೆ, ಹಿಂದಿನ ಮರಗಳು ಸರಿಯುತ್ತವೆ.

ಈ ಲೆಕ್ಕಾಚಾರಕ್ಕೂ ವ್ಯಾನಿನ ರೂಪಕ್ಕೂ ನೇರ ನಂಟಿದೆ. ಆ ಕಾಲದಲ್ಲಿ ಅಲ್ಲಾಡದ ಹಿನ್ನೆಲೆಯನ್ನು ಕಾಗದದ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಅಲ್ಲಾಡುವ ಪಾತ್ರ, ವಾಹನಗಳನ್ನು ಪಾರದರ್ಶಕ ಹಾಳೆಯ ಮೇಲೆ ಬರೆದು ಹಿನ್ನೆಲೆಯ ಮೇಲಿಟ್ಟು ಫೋಟೋ ತೆಗೆಯುತ್ತಿದ್ದರು. ಆ ಹಾಳೆಗೆ ಸೆಲ್ ಅಂತ ಹೆಸರು. ಹಾಳೆಯ ಮುಂಭಾಗದಲ್ಲಿ ಗೆರೆ, ಹಿಂಭಾಗದಿಂದ ಬಣ್ಣ. ಸೆಲ್ ಮೇಲಿನ ಬಣ್ಣ ಒಂದೇ ಸಮ ಇರುತ್ತದೆ. ನೆರಳಿಲ್ಲ, ಹೊಳಪಿಲ್ಲ. ಸ್ಕೂಬಿ-ಡೂ ಹಿನ್ನೆಲೆಗಳು ಪಾಳುಬಿದ್ದ ಬಂಗಲೆ, ಕತ್ತಲ ಕಾಡು, ಸ್ಮಶಾನ. ಎಲ್ಲವೂ ಮಬ್ಬು ಬಣ್ಣದಲ್ಲಿ. ಅಂಥ ಕತ್ತಲ ಮುಂದೆ ವ್ಯಾನು ಎದ್ದು ಕಾಣಬೇಕಾದರೆ ನೀಲಿ, ಎಳೆ ಹಸಿರು, ಕಿತ್ತಳೆಗಿಂತ ಒಳ್ಳೆ ಆಯ್ಕೆ ಇದೆಯಾ? ಆ ಬಣ್ಣಗಳು 1960ರ ದಶಕದ ಹಿಪ್ಪಿಗಳ ಹೂವಿನ ವ್ಯಾನುಗಳನ್ನು ನೆನಪಿಸುತ್ತವೆ, ನಿಜ. ಆದರೆ ಕತ್ತಲಲ್ಲಿ ಕಾಣಿಸಬೇಕು ಅನ್ನುವ ಅಗತ್ಯವೂ ಅದರಲ್ಲಿದೆ ಅಂತ ನನ್ನ ನಂಬಿಕೆ.

ಸರಿ, ಈ ವ್ಯಾನು ಯಾವ ಕಂಪನಿಯದ್ದು? ಅಭಿಮಾನಿಗಳು ಇವತ್ತಿಗೂ ವಾದ ಮಾಡುವುದು ಇದರ ಮೇಲೇ. ಫೋರ್ಡ್ ಇಕಾನೊಲೈನ್ ಅನ್ನುವವರಿದ್ದಾರೆ. ಡಾಡ್ಜ್ ಎ100 ಅನ್ನುವವರಿದ್ದಾರೆ. ಶೆವಿ ವ್ಯಾನ್, ಫೋಕ್ಸ್‌ವ್ಯಾಗನ್ ಟೈಪ್ 2, ಶೆವರ್ಲೆ ಗ್ರೀನ್‌ಬ್ರಯರ್ ಹೆಸರುಗಳೂ ಬರುತ್ತವೆ. ಕಾರ್ಟೂನನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಯಾವುದೂ ಪೂರ್ತಿ ಹೊಂದುವುದಿಲ್ಲ. ಮೂತಿ ಒಂದರ ಹಾಗೆ, ಕಿಟಕಿ ಇನ್ನೊಂದರ ಹಾಗೆ. ಒಳಗಿನ ಜಾಗವಂತೂ ಕಥೆಗೆ ತಕ್ಕಂತೆ ಬದಲಾಗುತ್ತದೆ. ಹೊರಗಿನಿಂದ ಸಾಮಾನ್ಯ ವ್ಯಾನು, ಒಳಗೆ ನೋಡಿದರೆ ಒಂದು ಕೋಣೆ. ಚಿತ್ರಕಾರರು ಆ ಕಾಲದ ರಸ್ತೆಯಲ್ಲಿ ಓಡುತ್ತಿದ್ದ ಚಪ್ಪಟೆ ಮೂತಿಯ ವ್ಯಾನುಗಳ ಒಟ್ಟು ನೆನಪನ್ನು ಬರೆದಂತೆ ಕಾಣುತ್ತದೆ. ನಮ್ಮ ಕಡೆ ಎಷ್ಟೋ ಜನ ಯಾವ ಕಂಪನಿಯ ವ್ಯಾನು ಕಂಡರೂ ಮಟಾಡೋರ್ ಅನ್ನುತ್ತಿದ್ದರಲ್ಲ, ಹಾಗೆ.

ಹೀಗಾಗಿ ಪ್ರತಿರೂಪ ಕಟ್ಟುವವರ ಮೊದಲ ತೀರ್ಮಾನ: ಯಾವ ವ್ಯಾನು ಕೊಳ್ಳುವುದು?

ಇದಕ್ಕೆ ಚಪ್ಪಟೆ ಮೂತಿಯ ವ್ಯಾನು ಅಂದರೇನು ಅಂತ ತಿಳಿಯಬೇಕು. ಸಾಮಾನ್ಯ ಕಾರಿನಲ್ಲಿ ಎಂಜಿನ್ ಮುಂದೆ ಬಾನೆಟ್ ಕೆಳಗೆ, ಅದರ ಹಿಂದೆ ಡ್ರೈವರ್. ಸಾಮಾನು ಸಾಗಿಸುವ ವ್ಯಾನಿಗೆ ಆ ಬಾನೆಟ್ ಉದ್ದ ದಂಡ. ಅದನ್ನು ತೆಗೆದುಬಿಟ್ಟರೆ ಅಷ್ಟೇ ಉದ್ದದ ಗಾಡಿಯಲ್ಲಿ ಜಾಸ್ತಿ ಸಾಮಾನು ಹಿಡಿಯುತ್ತದೆ. ಹಾಗೆ ಮಾಡಿದಾಗ ಡ್ರೈವರ್ ಮುಂದಿನ ಚಕ್ರದ ಮೇಲೆ ಬರುತ್ತಾನೆ, ಎಂಜಿನ್‌ಗೆ ಬೇರೆ ಜಾಗ ಹುಡುಕಬೇಕಾಗುತ್ತದೆ. 1961ರಲ್ಲಿ ಬಂದ ಫೋರ್ಡ್ ಇಕಾನೊಲೈನ್, 1964ರಲ್ಲಿ ಬಂದ ಡಾಡ್ಜ್ ಎ100 ಮತ್ತು ಶೆವಿ ವ್ಯಾನ್, ಮೂರರಲ್ಲೂ ಎಂಜಿನ್ ಕೂತದ್ದು ಎರಡು ಮುಂದಿನ ಸೀಟುಗಳ ನಡುವೆ. ಅದರ ಮೇಲೆ ಒಂದು ತಗಡಿನ ಪೆಟ್ಟಿಗೆ ಮುಚ್ಚಳ. ಅಲ್ಲಿನವರು ಅದನ್ನು ನಾಯಿಗೂಡು ಅನ್ನುತ್ತಾರೆ. ಎಂಜಿನ್ ರಿಪೇರಿಗೆ ಬಾನೆಟ್ ಎತ್ತುವ ಹಾಗಿಲ್ಲ, ಗಾಡಿಯ ಒಳಗೆ ಕೂತೇ ಆ ಪೆಟ್ಟಿಗೆ ತೆಗೆಯಬೇಕು.

ಎಂಜಿನ್, ಡ್ರೈವರ್, ಪಕ್ಕದವರು ಎಲ್ಲರೂ ಮುಂದೆ. ಹಿಂದೆ ಖಾಲಿ ತಗಡಿನ ಡಬ್ಬ. ಸಾಮಾನಿಲ್ಲದೆ ಓಡಿಸಿದರೆ ಹಿಂದಿನ ಚಕ್ರಕ್ಕೆ ಭಾರವೇ ಇರುವುದಿಲ್ಲ. ಬ್ರೇಕ್ ಹೊಡೆದಾಗ ಹಿಂಭಾಗ ಮೇಲೇಳುವ ಹಾಗೆ ಆಗುತ್ತದೆ. ಮೊದಮೊದಲ ಇಕಾನೊಲೈನ್‌ಗಳಲ್ಲಿ ಫೋರ್ಡ್ ಕಂಪನಿ ಹಿಂದಿನ ಚಕ್ರದ ಮೇಲೆ ಸುಮಾರು 75 ಕೆಜಿ ತೂಕದ ಕಬ್ಬಿಣವನ್ನು ಸುಮ್ನೆ ಭಾರಕ್ಕೆ ಅಂತಲೇ ಇಟ್ಟು ಕಳಿಸುತ್ತಿತ್ತು! ಸ್ಕೂಬಿ ಗ್ರೇಟ್ ಡೇನ್ ಜಾತಿಯ ನಾಯಿ. ವಯಸ್ಸಿಗೆ ಬಂದ ಗಂಡು ಗ್ರೇಟ್ ಡೇನ್ ತೂಕವೂ ಹೆಚ್ಚುಕಮ್ಮಿ ಅಷ್ಟೇ. ಸ್ಕೂಬಿಯನ್ನು ಹಿಂದೆ ಕೂರಿಸಿದ್ದು ಗಾಡಿಗೆ ಒಳ್ಳೆಯದೇ ಆಯಿತು.

ಆದರೆ ಡ್ಯಾಫ್ನಿಯ ಪ್ರಶ್ನೆ ಹಾಗೇ ಉಳಿಯಿತು. ಮುಂದೆ ಮೂವರು ಸಾಲಾಗಿ ಕೂರಬೇಕಾದರೆ ಎಂಜಿನ್ ಹಿಂದಿರುವ ವ್ಯಾನು ಬೇಕು. ಫೋಕ್ಸ್‌ವ್ಯಾಗನ್ ಟೈಪ್ 2 ಹಾಗಿದೆ. 1961ರಿಂದ 1965ರವರೆಗೆ ಬಂದ ಶೆವರ್ಲೆ ಗ್ರೀನ್‌ಬ್ರಯರ್ ಕೂಡ ಹಾಗಿದೆ. ಅವುಗಳಲ್ಲಿ ಮುಂದಿನ ನೆಲ ತೆರವಾಗಿರುತ್ತದೆ, ಉದ್ದ ಸೀಟು ಹಿಡಿಯುತ್ತದೆ. ಹೊರಗಿನ ಆಕಾರಕ್ಕೆ ಡಾಡ್ಜ್ ಅಥವಾ ಫೋರ್ಡ್ ಹತ್ತಿರ ಅನ್ನಿಸಿದರೆ ಒಳಗಿನ ಕೂರುವ ಸಾಲು ಸಿಗುವುದಿಲ್ಲ. ಒಳಗಿನದು ಬೇಕು ಅಂದರೆ ಹೊರಗಿನ ಮೂತಿ ಬದಲಾಗುತ್ತದೆ. ಎರಡೂ ಒಟ್ಟಿಗೆ ಕೊಡುವ ವ್ಯಾನು ಕಾಗದದ ಮೇಲೆ ಮಾತ್ರ ಇದೆ. ಬಹುತೇಕರು ಹೊರಗಿನ ರೂಪವನ್ನೇ ಆರಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಮೇಳಕ್ಕೆ ಬಂದ ಮಗು ಮೊದಲು ನೋಡುವುದು ಹೊರಗಿನಿಂದ.

2002ರಲ್ಲಿ ಸ್ಕೂಬಿ-ಡೂ ಕಥೆ ನಿಜವಾದ ನಟರ ಸಿನಿಮಾ ಆಗಿ ಬಂತು. ಚಿತ್ರೀಕರಣ ನಡೆದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ. ಸಿನಿಮಾದವರು ಅಮೆರಿಕನ್ ವ್ಯಾನು ಬಳಸಲಿಲ್ಲ. 1972ರ ಬೆಡ್‌ಫೋರ್ಡ್ ಸಿಎಫ್ ಎಂಬ ಬ್ರಿಟಿಷ್ ಮಾದರಿಯ ವ್ಯಾನನ್ನು ಬದಲಾಯಿಸಿಕೊಂಡರು. ಅದಕ್ಕೆ ಸಣ್ಣ ಮೂತಿ ಇದೆ. ಕಾರ್ಟೂನಿನ ವ್ಯಾನಿಗೆ ಹೋಲಿಸಿದರೆ ಸಾಕಷ್ಟು ಬೇರೆ. ಆದರೂ ಸಿನಿಮಾ ನೋಡಿದವರು ಯಾರೂ ಇದು ಮಿಸ್ಟರಿ ಮಷೀನ್ ಅಲ್ಲ ಅನ್ನಲಿಲ್ಲ. ಆ ಸಿನಿಮಾಕ್ಕೆ 20 ವರ್ಷ ತುಂಬಿದಾಗ, 2022ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಿಸ್ಟರಿ ಮಷೀನನ್ನು ಒಂದು ರಾತ್ರಿ ತಂಗಲು ಏರ್‌ಬಿಎನ್‌ಬಿಯಲ್ಲಿ 20 ಡಾಲರ್‌ಗೆ ಬಾಡಿಗೆಗೆ ಇಟ್ಟಿದ್ದರು. ಆತಿಥ್ಯ ವಹಿಸಿದ್ದು ಶ್ಯಾಗಿ ಪಾತ್ರ ಮಾಡಿದ ಮ್ಯಾಥ್ಯೂ ಲಿಲ್ಲರ್ಡ್.

ವ್ಯಾನು ಆರಿಸಿದ ಮೇಲೆ ತುಕ್ಕಿನ ಸರದಿ. ಇದನ್ನು ಬಿಟ್ಟು ಮುಂದೆ ಹೋಗುವ ಹಾಗೇ ಇಲ್ಲ. ಈ ವ್ಯಾನುಗಳಲ್ಲಿ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಗಾಡಿಯ ಬೆನ್ನೆಲುಬು. ನೆಲ, ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಇಲ್ಲೆಲ್ಲ ತುಕ್ಕು ತಿಂದಿದ್ದರೆ ಗಾಡಿಯ ಬಲವೇ ಹೋಗಿರುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಒಳಗಿನಿಂದ ತಗಡನ್ನು ತಿನ್ನುತ್ತದೆ. ಅದಕ್ಕೇ ಬಲ್ಲವರು ಅರಿಜೋನಾ, ಕ್ಯಾಲಿಫೋರ್ನಿಯಾದಂಥ ಒಣ ಊರುಗಳ ವ್ಯಾನು ಹುಡುಕುತ್ತಾರೆ. ಬಣ್ಣ ಬಿಸಿಲಿಗೆ ಸುಟ್ಟಿರಲಿ, ಸೀಟು ಹರಿದಿರಲಿ, ತಗಡು ಗಟ್ಟಿ ಇದ್ದರೆ ಸಾಕು. ನಮ್ಮಲ್ಲಿ ಮಂಗಳೂರು, ಕಾರವಾರ ಕಡೆ ಓಡಿದ ಹಳೇ ಗಾಡಿಗಿಂತ ಬಳ್ಳಾರಿಯ ಗಾಡಿ ಕೊಳ್ಳುವುದೇ ವಾಸಿ ಅಂತ ಗ್ಯಾರೇಜಿನವರು ಹೇಳುವುದೂ ಇದೇ ಕಾರಣಕ್ಕೆ.

ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಬೇಕು. ಅದರ ಮೇಲೆ ಸುಮ್ನೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಆರೇ ತಿಂಗಳಲ್ಲಿ ಗುಳ್ಳೆ ಏಳುತ್ತದೆ. ಟಿಂಕರಿಂಗ್ ಮುಗಿದ ಮೇಲೆ ಪ್ರೈಮರ್, ಎಮರಿ ಪೇಪರ್, ಮತ್ತೆ ಪ್ರೈಮರ್, ಮತ್ತೆ ಎಮರಿ. ಯಾರೂ ಫೋಟೋ ತೆಗೆಯದ, ತಿಂಗಳುಗಳನ್ನೇ ನುಂಗುವ ಹಂತ ಇದು.

ಬ್ರೇಕ್ ಬಗ್ಗೆ ಎರಡು ಮಾತು. ಆ ಕಾಲದ ವ್ಯಾನುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತೀರಾ ಹಳೆಯ ಮಾದರಿಗಳಲ್ಲಿ ನಾಲ್ಕಕ್ಕೂ ಬ್ರೇಕ್ ಆಯಿಲ್ ಹೋಗುವ ದಾರಿ ಒಂದೇ. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತದೆ. ಮುಂದೆ ಬಾನೆಟ್ ಬೇರೆ ಇಲ್ಲ, ಡ್ರೈವರ್ ಮೊಣಕಾಲಿಗೂ ಎದುರಿನ ಗಾಡಿಗೂ ನಡುವೆ ಇರುವುದು ಒಂದು ತಗಡು. ಹಾಗಾಗಿ ಮುಂದಿನ ಚಕ್ರಕ್ಕೆ ಡಿಸ್ಕ್, ಮುಂದೆ-ಹಿಂದೆ ಬೇರೆ ಬೇರೆ ದಾರಿಯ ಬ್ರೇಕ್ ಹಾಕಿಸುವುದು ಕಾರ್ಟೂನಿಗೆ ದ್ರೋಹ ಅಲ್ಲವೇ ಅಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಈಗ ಬಣ್ಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಮಿಸ್ಟರಿ ಮಷೀನಿನ ನಿಜವಾದ ನೀಲಿ ಯಾವುದು? ಸುಲಭದ ಪ್ರಶ್ನೆ ಅನ್ನಿಸುತ್ತದೆ ಅಲ್ವಾ? ಸೆಲ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಫೋಟೋ ತೆಗೆಯುತ್ತಿದ್ದರು ಅಂದೆನಲ್ಲ. ಆ ಹಾಳೆ ಪೂರ್ತಿ ಪಾರದರ್ಶಕ ಅಲ್ಲ. ಮೇಲೆ ಎರಡು ಹಾಳೆ ಬಂದರೆ ಕೆಳಗಿನ ಹಾಳೆಯ ಬಣ್ಣ ಸ್ವಲ್ಪ ಮಂಕಾಗುತ್ತದೆ. ಅದನ್ನು ಸರಿದೂಗಿಸಲು ಕೆಳಗಿನ ಹಾಳೆಗೆ ಬೇಕಂತಲೇ ಬೇರೆ ಛಾಯೆಯ ಬಣ್ಣ ಹಾಕುವ ರೂಢಿ ಇತ್ತು. ಅಂದರೆ ಸ್ಟುಡಿಯೋ ಮೇಜಿನ ಮೇಲೇ ಒಂದು ನೀಲಿಗೆ ಎರಡು ಮೂರು ರೂಪ. ಅದನ್ನು ಫಿಲ್ಮ್ ಹಿಡಿದಾಗ ಇನ್ನೊಂದು ರೂಪ. ಫಿಲ್ಮ್ ಹಳೆಯದಾದಂತೆ ಬಣ್ಣ ಮಾಸುತ್ತದೆ, ಅದು ಮತ್ತೊಂದು. ಆ ಕಾಲದ ಅಮೆರಿಕದ ಬಣ್ಣದ ಟಿವಿಗಳಲ್ಲಿ ಬಣ್ಣದ ಛಾಯೆ ತಿದ್ದಲು ಒಂದು ತಿರುಗುವ ಗುಂಡಿ ಇರುತ್ತಿತ್ತು. ಪ್ರತಿ ಮನೆಯವರೂ ತಮ್ಮ ಕಣ್ಣಿಗೆ ಸರಿ ಕಂಡ ಹಾಗೆ ತಿರುಗಿಸಿಕೊಳ್ಳುತ್ತಿದ್ದರು. ಒಬ್ಬರ ಮನೆಯ ನೀಲಿ ಇನ್ನೊಬ್ಬರ ಮನೆಯಲ್ಲಿ ಹಸಿರಿಗೆ ವಾಲಿದ ನೀಲಿ. ಅಂದಮೇಲೆ ಯಾವ ಡಬ್ಬಿಯ ಮೇಲೂ ಬರೆದಿಡಬಹುದಾದ ಒಂದೇ ನೀಲಿ ಇಲ್ಲ. ಕಟ್ಟುವವರು ಕೆಲವರು ಹಳೇ ಸೆಲ್ ಚಿತ್ರ ನೋಡಿ ಬಣ್ಣ ಕಲಸುತ್ತಾರೆ. ಕೆಲವರು ಆಟಿಕೆ ವ್ಯಾನನ್ನು ಪೇಂಟ್ ಅಂಗಡಿಗೆ ಹಿಡಿದುಕೊಂಡು ಹೋಗುತ್ತಾರೆ. ಮಾದರಿ ತುಂಡನ್ನು ಅಂಗಡಿಯ ದೀಪದಡಿ ಮಾತ್ರ ನೋಡಿ ಒಪ್ಪಬಾರದು. ಬೆಳಗಿನ ಬಿಸಿಲಲ್ಲಿ, ಮೋಡದಲ್ಲಿ, ರಾತ್ರಿ ಬೀದಿ ದೀಪದಲ್ಲಿ, ಮೂರು ಕಡೆ ನೋಡಬೇಕು. ದೀಪ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸೀರೆ ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ಹತ್ತಿರ ತಂದು ಬೆಳಕಿಗೆ ಹಿಡಿದು ನೋಡುವ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಣ್ಣ ಸಿಕ್ಕಿತು. ಹೊಳಪು? ಕಾರ್ಟೂನಿನ ವ್ಯಾನಿಗೆ ಹೊಳಪಿಲ್ಲ. ನಿಜವಾದ ವ್ಯಾನಿಗೆ ಮೇಲೆ ಕ್ಲಿಯರ್ ಕೋಟ್ ಹೊಡೆದು ಪಾಲಿಶ್ ಮಾಡಿದರೆ ಕನ್ನಡಿಯ ಹಾಗಾಗುತ್ತದೆ. ಆಗ ನೀಲಿಯಲ್ಲಿ ಆಕಾಶ ಕಾಣುತ್ತದೆ, ಹಸಿರಲ್ಲಿ ಪಕ್ಕದ ಮರ ಕಾಣುತ್ತದೆ, ಹೂವಿನ ಮೇಲೆ ನೋಡುವವರ ಮುಖ ಕಾಣುತ್ತದೆ. ಚಿತ್ರದ ಒಂದೇ ಸಮದ ಬಣ್ಣ ಮುರಿದುಹೋಗುತ್ತದೆ. ಪೂರ್ತಿ ಮ್ಯಾಟ್ ಹೊಡೆದರೆ ಚಿತ್ರಕ್ಕೆ ಹತ್ತಿರ ಬರುತ್ತದೆ, ಆದರೆ ಕೈ ಗುರುತು, ಎಣ್ಣೆ ಕಲೆ ಬೇಗ ಕೂರುತ್ತದೆ, ಉಜ್ಜಿ ತೊಳೆದರೆ ಅಲ್ಲಲ್ಲಿ ಹೊಳೆಯತೊಡಗುತ್ತದೆ. ನನ್ನನ್ನು ಕೇಳಿದರೆ ಎರಡರ ನಡುವಿನ ಮೆಲು ಹೊಳಪು ಚೆಂದ.

ಇನ್ನು ಕಪ್ಪು ಗೆರೆ. ಕಾರ್ಟೂನಿನಲ್ಲಿ ಪ್ರತಿ ಆಕಾರದ ಸುತ್ತ ಗೆರೆ ಇರುತ್ತದೆ. ಗೆರೆ ಇಲ್ಲದಿದ್ದರೆ ಬಾಗಿಲು ಎಲ್ಲಿ ಮುಗಿಯಿತು, ಬಂಪರ್ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ನಿಜವಾದ ವ್ಯಾನಿನಲ್ಲಿ ಆ ಕೆಲಸವನ್ನು ಬೆಳಕೇ ಮಾಡುತ್ತದೆ. ಬಾಗಿಲ ಸಂದಿನಲ್ಲಿ ತಾನಾಗಿಯೇ ಕಪ್ಪು ನೆರಳು ಬೀಳುತ್ತದೆ. ಹಾಗಾಗಿ ಮೈಪೂರ್ತಿ ಗೆರೆ ಎಳೆದರೆ ಎರಡೆರಡು ಗೆರೆ ಆಗಿ ಕಣ್ಣಿಗೆ ಗೊಂದಲ. ಹೂವಿಗೂ ಅಕ್ಷರಕ್ಕೂ ಮಾತ್ರ ತೆಳು ಗೆರೆ ಎಳೆದರೆ ಸಾಕು, ದೂರದಿಂದ ಅದು ಚಿತ್ರದ ಹಾಗೇ ಕಾಣುತ್ತದೆ.

ನೀಲಿ ಮತ್ತು ಹಸಿರು ಸೇರುವುದು ಅಲೆಯಂಥ ಸೊಟ್ಟ ಗೆರೆಯಲ್ಲಿ. ಕಾಗದದ ಮೇಲೆ ಆ ಅಲೆ ಒಂದೇ ಎಳೆತ. ತಗಡಿನ ಮೇಲೆ ಅದು ಬಾಗಿಲು, ಹಿಡಿಕೆ, ಹಿಂಜ್, ಚಕ್ರದ ಕಮಾನು ದಾಟಬೇಕು. ಸಾಮಾನ್ಯ ಮಾಸ್ಕಿಂಗ್ ಟೇಪ್ ಬಾಗುವುದಿಲ್ಲ, ಸುಕ್ಕುಗಟ್ಟುತ್ತದೆ. ಇದಕ್ಕೆ ಕಿರಿದಾದ, ಹಿಗ್ಗುವ ಬೇರೆ ಟೇಪ್ ಬೇಕು. ಬಾಗಿಲು ಮುಚ್ಚಿಟ್ಟು ಗೆರೆ ಗುರುತಿಸಬೇಕು. ಆಮೇಲೆ ಬಾಗಿಲು ತೆರೆದು, ಅಂಚಿನ ಒಳಗೂ ಅದೇ ಜಾಗದಲ್ಲಿ ಬಣ್ಣ ತಿರುಗಿಸಬೇಕು. ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ಹಳೇ ಬಿಳಿ ಬಣ್ಣ ಇಣುಕುತ್ತದೆ.

ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ. ಫುಟ್‌ಪಾತ್ ಬಲಗಡೆ ಇರುವುದರಿಂದ ಆ ಕಾಲದ ಸಾಮಾನು ವ್ಯಾನುಗಳಿಗೆ ಪಕ್ಕದ ಬಾಗಿಲು ಇದ್ದದ್ದು ಹೆಚ್ಚಾಗಿ ಬಲಗಡೆಯೇ. ಎಡಗಡೆ ಬರೀ ತಗಡು. ಎಡಗಡೆ ‘ದಿ ಮಿಸ್ಟರಿ ಮಷೀನ್’ ಅಂತ ಆರಾಮಾಗಿ ಬರೆಯಬಹುದು. ಬಲಗಡೆ ಅದೇ ಅಕ್ಷರಗಳ ನಡುವೆ ಬಾಗಿಲ ಸಂದು, ಹಿಡಿಕೆ, ಹಿಂಜ್ ಬರುತ್ತವೆ. ಅಕ್ಷರದ ಹೊಟ್ಟೆಗೆ ಸರಿಯಾಗಿ ಹಿಡಿಕೆ ಬಂದರೆ ಓದುವವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳ್ಳೆ ಪೇಂಟರ್ ಮೊದಲು ಕಾಗದ ಕತ್ತರಿಸಿ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ, ಅಕ್ಷರಗಳನ್ನು ಒಂದೊಂದು ಇಂಚು ಆಚೆ ಈಚೆ ಸರಿಸುತ್ತಾನೆ. ನಮ್ಮಲ್ಲಿ ಬಸ್ಸಿನ ಮೇಲೆ ದೇವರ ಹೆಸರು ಬರೆಯುತ್ತಿದ್ದ ಪೇಂಟರ್‌ಗಳು ಇದನ್ನು ಅಳತೆಪಟ್ಟಿ ಇಲ್ಲದೆ ಮಾಡುತ್ತಿದ್ದರು. ಕಿಟಕಿಯ ಸಾಲಿನ ಕೆಳಗೆ, ರಿವೆಟ್‌ಗಳ ನಡುವೆ, ಒತ್ತು ದೀರ್ಘ ಎಲ್ಲ ಸೇರಿಸಿ. ಚಿಕ್ಕಂದಿನಲ್ಲಿ ನಾನು ಅದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೇನೆ.

ಬಣ್ಣದ ಬದಲು ವಿನೈಲ್ ಸ್ಟಿಕರ್ ಹೊದಿಸುವವರೂ ಈಗ ಜಾಸ್ತಿ. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಬಿಸಿ ಗಾಳಿ ಕೊಟ್ಟು ಎಳೆದು ಅಂಟಿಸುತ್ತಾರೆ. ಬೇಡವಾದಾಗ ತೆಗೆಯಬಹುದು. ಆದರೆ ಕೆಳಗಿನ ಬಣ್ಣ ಗಟ್ಟಿ ಇರಬೇಕು. ತುಕ್ಕಿನ ಮೇಲೆ ಅಂಟಿಸಿದರೆ ಕೆಲವೇ ದಿನಗಳಲ್ಲಿ ಎದ್ದು ಬರುತ್ತದೆ.

ಆಕಾರ ಮುಖ್ಯವೋ ಬಣ್ಣ ಮುಖ್ಯವೋ? ಇದಕ್ಕೆ ಉತ್ತರ ಒಂದು ಪೊಲೀಸ್ ಸುದ್ದಿಯಲ್ಲಿ ಸಿಕ್ಕಿತು. 2016ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ರೆಡಿಂಗ್ ಎಂಬ ಊರಿನಲ್ಲಿ ಪೊಲೀಸರು ಒಂದು ವ್ಯಾನನ್ನು ಬೆನ್ನಟ್ಟಿದರು. ಜಗತ್ತಿನ ಪತ್ರಿಕೆಗಳೆಲ್ಲ ‘ಮಿಸ್ಟರಿ ಮಷೀನ್ ಬೆನ್ನಟ್ಟಿದ ಪೊಲೀಸರು’ ಅಂತ ಬರೆದವು. ಆ ಗಾಡಿ 1994ರ ಕ್ರೈಸ್ಲರ್ ಮಿನಿವ್ಯಾನ್. ಉದ್ದ ಮೂತಿ, ಇಳಿಜಾರು ಗಾಜು, ಮನೆಮಂದಿ ಓಡಾಡುವ ಕಾರು. ಕಾರ್ಟೂನಿನ ವ್ಯಾನಿಗೂ ಅದಕ್ಕೂ ಆಕಾರದಲ್ಲಿ ಏನೇನೂ ಹೋಲಿಕೆ ಇಲ್ಲ. ನೀಲಿ, ಹಸಿರು, ಕಿತ್ತಳೆ ಇತ್ತು. ಅಷ್ಟೇ ಸಾಕಾಯಿತು. ವಾರದೊಳಗೆ ಜಗತ್ತಿಗೆಲ್ಲ ಅದು ಮಿಸ್ಟರಿ ಮಷೀನ್.

ಇಲ್ಲಿಂದ ಕಾನೂನಿನ ಪ್ರಶ್ನೆ ಹುಟ್ಟುತ್ತದೆ. ಬಣ್ಣ, ಆಕಾರ ನೋಡಿದೊಡನೆ ಗುರುತು ಸಿಗುವ ಗಾಡಿ ಯಾರ ಸೊತ್ತು? ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಬ್ಯಾಟ್‌ಮನ್‌ನ ಕಾರಿನ ಬಗ್ಗೆ ತೀರ್ಪು ಕೊಟ್ಟಿತು. ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜು ಬ್ಯಾಟ್‌ಮೊಬೈಲ್ ಪ್ರತಿರೂಪಗಳನ್ನು ಕಟ್ಟಿ, ಒಂದೊಂದನ್ನು ಸುಮಾರು 90,000 ಡಾಲರ್‌ಗೆ ಮಾರುತ್ತಿತ್ತು. ಡಿಸಿ ಕಾಮಿಕ್ಸ್ ಕಂಪನಿ ದಾವೆ ಹೂಡಿತು. ಕಾರು ಕೂಡ ಕಥೆಯ ಪಾತ್ರ ಆಗಬಹುದು, ಅದಕ್ಕೆ ಹಕ್ಕುಸ್ವಾಮ್ಯ ಇರಬಹುದು ಅಂತ ನ್ಯಾಯಾಲಯ ಹೇಳಿತು. ಅದಕ್ಕೆ ಮೂರು ಅಳತೆ ಇಟ್ಟಿತು. ಆ ಪಾತ್ರಕ್ಕೆ ರೂಪವೂ ಗುಣವೂ ಇರಬೇಕು. ಎಲ್ಲಿ ಬಂದರೂ ಅದೇ ಅಂತ ಗುರುತು ಸಿಗುವಷ್ಟು ಸ್ಪಷ್ಟವಾಗಿರಬೇಕು. ಬೇರೆಯವುಗಳಿಂದ ಎದ್ದು ಕಾಣುವ ವಿಶೇಷ ಇರಬೇಕು. ಬ್ಯಾಟ್‌ಮೊಬೈಲ್ ಮೂರನ್ನೂ ದಾಟಿತು.

2025ರಲ್ಲಿ ಅದೇ ನ್ಯಾಯಾಲಯದ ಮುಂದೆ ಎಲಿನೋರ್ ಎಂಬ ಕಾರು ಬಂತು. ಕಾರು ಕಳ್ಳರ ಸಿನಿಮಾಗಳಲ್ಲಿ ಆ ಹೆಸರಿನ ಕಾರು ಬರುತ್ತದೆ. 1974ರ ಸಿನಿಮಾದಲ್ಲಿ ಅದು ಹಳದಿ ಮಸ್ಟಾಂಗ್. 2000ದಲ್ಲಿ ಬಂದ ಸಿನಿಮಾದಲ್ಲಿ ಬೂದು ಬಣ್ಣದ, ಬೇರೆ ಮಾದರಿಯ ಮಸ್ಟಾಂಗ್. ರೂಪ ಒಂದೇ ಸಮ ಇಲ್ಲ, ಅದಕ್ಕೆ ತನ್ನದೇ ಗುಣ ಇಲ್ಲ, ಆದ್ದರಿಂದ ಅದು ಪಾತ್ರ ಅಲ್ಲ ಅಂತ ತೀರ್ಪು ಬಂತು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಿಸ್ಟರಿ ಮಷೀನ್ ಬ್ಯಾಟ್‌ಮೊಬೈಲ್ ಕಡೆಗೇ ವಾಲುತ್ತದೆ ಅಂತ ನನಗೆ ಕಾಣುತ್ತದೆ. ಮಾದರಿ ಬದಲಾದರೂ ಅದರ ಬಣ್ಣ, ಹೂವು, ಹೆಸರು ಐದು ದಶಕ ದಾಟಿ ಉಳಿದಿವೆ. ಹ್ಯಾನಾ-ಬಾರ್ಬೆರಾದ ಆಸ್ತಿ ಈಗ ವಾರ್ನರ್ ಕಂಪನಿಯ ಕೈಯಲ್ಲಿದೆ. ತಮ್ಮ ಸಂತೋಷಕ್ಕೆ ಒಂದು ವ್ಯಾನು ಕಟ್ಟಿಕೊಂಡು ಮೇಳಕ್ಕೆ ಒಯ್ಯುವುದು ಒಂದು, ಸಾಲಾಗಿ ಕಟ್ಟಿ ಮಾರುವುದು ಇನ್ನೊಂದು. ಬ್ಯಾಟ್‌ಮೊಬೈಲ್ ಗ್ಯಾರೇಜು ಸಿಕ್ಕಿಬಿದ್ದದ್ದು ಮಾರಾಟದಲ್ಲಿ.

ನಮ್ಮೂರಲ್ಲಿ ಇಂಥದ್ದು ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಹತ್ತಿರದ ಗಾಡಿ ಅಂದರೆ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 2019ರವರೆಗೂ ತಯಾರಾದ ಗಾಡಿ. ಚಪ್ಪಟೆ ಮೂತಿ, 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಘಾಟಿ ಹತ್ತಿಸಿದರೆ ಸೀಟು ಹೇಗೆ ಕಾಯುತ್ತದೆ ಅಂತ ಅದರಲ್ಲಿ ಕೂತವರಿಗೆ ಗೊತ್ತು. ಡಾಡ್ಜ್ ಎ100 ವ್ಯಾನಿನ ಸಣ್ಣ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,286 ಮಿಮೀ. ಓಮ್ನಿಯಲ್ಲಿ ಅದು 1,840 ಮಿಮೀ. ಗಾಡಿ ಚಿಕ್ಕದು, ಆದರೆ ಪಕ್ಕದ ತಗಡು ನೇರ, ಮೂತಿ ನೇರ. ಮೇಲೆ ಒಂದು ಕ್ಯಾರಿಯರ್ ಹಾಕಿ, ಅಲೆ ಎಳೆದು, ಹೂವು ಬರೆದರೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ಬಣ್ಣ ಹೊಡೆಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಗಾಡಿಯ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬದಲಿಸಿದರೆ ಅಲ್ಲಿ ತಿದ್ದುಪಡಿ ಆಗಬೇಕು. ರಚನೆ ಬದಲಿಸುವ ವಿಷಯ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಮೂತಿ ಕತ್ತರಿಸಿ ಬೇರೆ ಮೂತಿ ಕೂರಿಸುವುದು, ಮುಂದಿನ ಎರಡು ಸೀಟು ಕಿತ್ತು ಮೂವರು ಕೂರುವ ಉದ್ದ ಸೀಟು ಹಾಕುವುದು, ಎರಡನ್ನೂ ತಲೆಯಿಂದ ತೆಗೆದುಹಾಕಬೇಕು. ಡ್ಯಾಫ್ನಿ ನಮ್ಮಲ್ಲೂ ಹಿಂದಿನ ಸಾಲಿನಲ್ಲೇ, ಸ್ಕೂಬಿ ಪಕ್ಕದಲ್ಲಿ ಕೂರಬೇಕಾಗುತ್ತದೆ.